ಅಪ್ಪನ ಬೈಕಿಗೆ 15 ತುಂಬಿತು

ಆಯುಧಪೂಜೆ ಎಂದರೆ ಬೈಕಿಗೆ ಅಭ್ಯಂಜನದ ದಿನ. ವರ್ಷವಿಡೀ ಕೆಸರು, ಧೂಳು ಹೊತ್ತು ತಿರುಗಿದ್ದಕ್ಕೆ ಅಂದು ಒಂದು ಬಕೆಟ್ ಸೋಪಿನ ನೀರು, ಹ್ಯಾಂಡಲಿಗೆ ಸೇವಂತಿಗೆ ಹಾರ, ಹೆಡ್‌ಲೈಟಿನ ನೆತ್ತಿಗೆ ಕುಂಕುಮ, ಚಕ್ರದಡಿಗೆ ಎರಡು ನಿಂಬೆಹಣ್ಣು. ಮಾರನೆಯ ದಿನದಿಂದ ಮತ್ತೆ ಅದೇ ಕೆಸರು, ಅದೇ ಧೂಳು.

ಸಾಗರದ ಕಡೆಯ ಒಂದು ಮನೆಯನ್ನು ಉದಾಹರಣೆಗೆ ಊಹಿಸಿಕೊಳ್ಳಬಹುದು. ಅಂಥ ಮನೆಗಳು ನಾಡಿನ ಎಲ್ಲ ಊರುಗಳಲ್ಲೂ ಇವೆ. 2010ರ ನವೆಂಬರಿನಲ್ಲಿ ಕೊಂಡ 100 ಸಿಸಿ ಬೈಕು. ಅಪ್ಪ ಅಡಿಕೆ ಮಂಡಿಗೆ ಹೋದದ್ದು, ಅಮ್ಮ ಹೆರಿಗೆಗೆಂದು ತವರಿಗೆ ಹೋದ ತಂಗಿಯನ್ನು ನೋಡಿ ಬಂದದ್ದು, ಮಗ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತು ಅಂಗನವಾಡಿಗೆ ಹೋದದ್ದು ಎಲ್ಲವೂ ಅದರ ಮೇಲೆಯೇ. ಆ ಮಗನಿಗೆ ಈಗ 18. ಪದವಿ ಕಾಲೇಜಿನ ಮೊದಲ ವರ್ಷ. ಕಾಲೇಜು 18 ಕಿ.ಮೀ. ದೂರ, ಬೆಳಗಿನ ಬಸ್ಸು ತಪ್ಪಿದರೆ ಮೊದಲ ಪೀರಿಯಡ್ಡೂ ತಪ್ಪಿತು. ಲೈಸೆನ್ಸು ಕೈಗೆ ಬಂದ ಮೇಲೆ ಬೈಕು ನಿನಗೇ ಎಂದು ಅಪ್ಪ ಮಾತು ಕೊಟ್ಟಾಗಿದೆ.

2025ರ ಅಕ್ಟೋಬರ್ 1ರಂದು, ಪೂಜೆಗೆಂದು ಆರ್.ಸಿ. ಪುಸ್ತಕವನ್ನು ಪೆಟ್ಟಿಗೆಯಿಂದ ಹೊರತೆಗೆದಾಗ ಮಗನ ಕಣ್ಣಿಗೆ ಒಂದು ತಾರೀಖು ಬಿತ್ತು. ನೋಂದಣಿ ಚಾಲ್ತಿಯಲ್ಲಿರುವುದು ನವೆಂಬರ್ 19ರವರೆಗೆ. ಎಂದರೆ ಇನ್ನು 7 ವಾರ!

15 ಎಂದರೆ ಗುಜರಿಯೇ?

ಹದಿನೈದು ವರ್ಷವಾದ ಬೈಕು ನೇರ ಗುಜರಿಗೆ ಎಂದು ನಂಬಿದವರು ಬಹಳ ಮಂದಿ. ಕರ್ನಾಟಕದಲ್ಲಿ ಹಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 41ನೇ ಕಲಮಿನ ಪ್ರಕಾರ ಸ್ವಂತ ಬಳಕೆಯ ವಾಹನದ ನೋಂದಣಿಗೆ 15 ವರ್ಷ ಆಯುಸ್ಸು. ಅದು ಮುಗಿಯುವ ಹೊತ್ತಿಗೆ ಮಾಲೀಕರು ನವೀಕರಣ ಕೇಳಬೇಕು. ವಾಹನ ರಸ್ತೆಗೆ ಯೋಗ್ಯವೇ ಎಂದು ಸಾರಿಗೆ ಇಲಾಖೆ ನೋಡುತ್ತದೆ. ಯೋಗ್ಯವೆನಿಸಿದರೆ ಇನ್ನೂ 5 ವರ್ಷ ಸಿಗುತ್ತದೆ. ಅದಾದ ಮೇಲೆ ಮತ್ತೆ ತಪಾಸಣೆ. ಜನರ ಬಾಯಲ್ಲಿ ಇದಕ್ಕೆ 'ಎಫ್.ಸಿ. ಮಾಡಿಸುವುದು' ಎಂದೇ ಹೆಸರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಇಂದಿಗೂ ರಸ್ತೆಯಲ್ಲಿ ಗುಡುಗುತ್ತ ಹೋಗುವುದು ಈ ನವೀಕರಣದ ಬಲದಿಂದಲೇ.

ಅರ್ಜಿಗೆ 25ನೇ ನಮೂನೆ. ಅವಧಿ ಮುಗಿಯುವ ಮೊದಲಿನ 60 ದಿನಗಳೊಳಗೆ ಸಲ್ಲಿಸಬಹುದು. 2022ರ ಏಪ್ರಿಲ್ 1ರಿಂದ ಬೈಕಿನ ನವೀಕರಣ ಶುಲ್ಕ ರೂ. 300ರಿಂದ ರೂ. 1000ಕ್ಕೆ ಏರಿತು. ತಡಮಾಡಿದವರಿಗೆ ತಿಂಗಳಿಗೆ ರೂ. 300 ಹೆಚ್ಚುವರಿ ಬಿತ್ತು. 20 ವರ್ಷ ಮೀರಿದ ಬೈಕಿಗೆ 2025ರ ಆಗಸ್ಟಿನಲ್ಲಿ ಶುಲ್ಕವನ್ನು ರೂ. 2000 ಮಾಡಲಾಯಿತು. ಇದರ ಜೊತೆಗೆ ರಾಜ್ಯದ ಹಸಿರು ತೆರಿಗೆಯೂ ಇದೆ. ಅರ್ಜಿ ಹಾಕುವ ದಿನ ಎಷ್ಟಿದೆ ಎಂಬುದನ್ನು ಕಚೇರಿಯ ಫಲಕದಲ್ಲೋ ಪರಿವಾಹನ್ ಜಾಲತಾಣದಲ್ಲೋ ನೋಡಿಕೊಳ್ಳುವುದು ಜಾಣತನ.

7 ವಾರವೆಂದರೆ ಸಮಯ ಧಾರಾಳ. ಆದರೆ ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ಬಿಚ್ಚುವ ವಿದ್ಯಾರ್ಥಿಯಂತೆ ಕೊನೆಯ ದಿನ ಮೆಕ್ಯಾನಿಕ್ ಅಂಗಡಿಗೆ ಓಡುವವರೇ ಹೆಚ್ಚು. ಈ ಮನೆಯಲ್ಲಿ ಅಪ್ಪ ಮಗ ಇಬ್ಬರೂ ಕೂತು ನಾಲ್ಕು ಭಾನುವಾರ ಗೊತ್ತುಮಾಡಿಕೊಂಡರು.

ಮೊದಲ ಭಾನುವಾರ: ಕಾಗದ ಮತ್ತು ಸಂಖ್ಯೆ

ತಪಾಸಣೆ ಶುರುವಾಗುವುದು ಎಂಜಿನ್ನಿನಿಂದಲ್ಲ, ಕಾಗದದಿಂದ. ಆರ್.ಸಿ., ಚಾಲ್ತಿಯಲ್ಲಿರುವ ವಿಮೆ, ಹೊಗೆ ತಪಾಸಣೆಯ ಪತ್ರ, ಮಾಲೀಕರ ಗುರುತಿನ ಮತ್ತು ವಿಳಾಸದ ದಾಖಲೆ ಇಷ್ಟು ಮೊದಲು ಒಂದು ಚೀಲಕ್ಕೆ ಬೀಳಬೇಕು. ಸಾಲ ಮಾಡಿ ಕೊಂಡ ಬೈಕಾದರೆ ಇನ್ನೊಂದು ಮಾತು. ಸಾಲ ತೀರಿ ಹತ್ತು ವರ್ಷವಾಗಿದ್ದರೂ ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರು ಹಾಗೆಯೇ ಕೂತಿರುತ್ತದೆ. ಬ್ಯಾಂಕಿನಿಂದ ತೀರುವಳಿ ಪತ್ರ ಮತ್ತು 35ನೇ ನಮೂನೆ ಪಡೆದು ಅದನ್ನು ತೆಗೆಸಬೇಕು. ಈ ಕೆಲಸಕ್ಕೆ ದಿನ ಹಿಡಿಯುತ್ತದೆ. ಅದಕ್ಕೇ ಇದು ಮೊದಲ ಭಾನುವಾರದ ಪಟ್ಟಿಯಲ್ಲಿ.

ಆಮೇಲೆ ಚಾಸಿಸ್ ಸಂಖ್ಯೆ. ಹೆಚ್ಚಿನ ಬೈಕುಗಳಲ್ಲಿ ಇದನ್ನು ಹ್ಯಾಂಡಲ್ ತಿರುಗುವ ಕೊಳವೆಯ ಪಕ್ಕದಲ್ಲಿ ಕೊರೆದಿರುತ್ತಾರೆ. ಆರ್.ಸಿ.ಯಲ್ಲಿರುವ ಸಂಖ್ಯೆಯೂ ಬೈಕಿನ ಮೈಮೇಲಿನ ಸಂಖ್ಯೆಯೂ ಒಂದೇ ಎಂದು ನಿರೀಕ್ಷಕರಿಗೆ ಮನವರಿಕೆಯಾಗಬೇಕು. ಮಲೆನಾಡಿನ ಮಳೆಗೆ ಹದಿನೈದು ವರ್ಷ ನೆನೆದ ಲೋಹದ ಮೇಲೆ ತುಕ್ಕು, ಜಿಡ್ಡು, ಧೂಳು ಸೇರಿ ಅಕ್ಷರಗಳೇ ಮಾಯವಾಗಿರುತ್ತವೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ನಯವಾಗಿ ಒರೆಸಬೇಕು. ಉಪ್ಪುಕಾಗದ ಹಾಕಿ ಗಸಗಸ ಉಜ್ಜಿದರೆ ಸಂಖ್ಯೆಯೇ ಸವೆದು ಹೊಸ ತಲೆನೋವು. ಕೆಲವು ಕಚೇರಿಗಳಲ್ಲಿ ಈ ಸಂಖ್ಯೆಯ ಪೆನ್ಸಿಲ್ ಅಚ್ಚನ್ನೂ ಕೇಳುತ್ತಾರೆ. ಕಾಗದದಡಿ ನಾಣ್ಯವಿಟ್ಟು ಪೆನ್ಸಿಲ್ ಉಜ್ಜಿ ಚಿತ್ರ ಮೂಡಿಸುವ ಆಟ ಗೊತ್ತಿರುವ ಯಾವ ಮಗುವೂ ಇದನ್ನು ಮಾಡಬಲ್ಲದು.

ನಂಬರ್ ಪ್ಲೇಟಿನ ವಿಷಯವೂ ಇದೇ ದಿನ. 2019ರ ಏಪ್ರಿಲ್ 1ಕ್ಕೆ ಮೊದಲು ನೋಂದಣಿಯಾದ ಹಳೆಯ ವಾಹನಗಳಿಗೂ ಹೈ ಸೆಕ್ಯೂರಿಟಿ ಪ್ಲೇಟು ಕಡ್ಡಾಯವೆಂದು ಕರ್ನಾಟಕ ಸರ್ಕಾರ 2023ರಲ್ಲಿ ಆದೇಶಿಸಿತು. ಅಶೋಕ ಚಕ್ರದ ಹೊಳೆಯುವ ಮುದ್ರೆ, ಲೇಸರಿನಿಂದ ಕೊರೆದ ಸಂಖ್ಯೆ, ಒಮ್ಮೆ ಕೂರಿಸಿದರೆ ಮುರಿಯದೆ ಬಿಚ್ಚಲಾಗದ ಬೀಗ ಇದರ ಗುರುತು. ಅಭಿಮಾನದ ನಟನ ಹೆಸರು, ದೇವರ ಹೆಸರು, ಊರಿನ ಹೆಸರು ಯಾವುದಕ್ಕೂ ಅಲ್ಲಿ ಜಾಗವಿಲ್ಲ.

ಎರಡನೇ ಭಾನುವಾರ: ನಿಲ್ಲುವ ವಿದ್ಯೆ

ಓಡುವುದನ್ನು ಎಲ್ಲ ಬೈಕೂ ಬಲ್ಲದು. ನಿಲ್ಲುವುದು ಮುಖ್ಯ. ಎರಡನೇ ಭಾನುವಾರ ಬೈಕು ಅಂಗಳದಲ್ಲಿ ದೊಡ್ಡ ಸ್ಟ್ಯಾಂಡಿನ ಮೇಲೆ ನಿಂತಿತು.

ಮೊದಲು ಟೈರು. ಟೈರಿನ ಗೀರುಗಳ ನಡುವೆ ಅಲ್ಲಲ್ಲಿ ಸಣ್ಣ ರಬ್ಬರ್ ಉಬ್ಬುಗಳಿರುತ್ತವೆ. ಅವು ಸವೆತದ ಗುರುತು. ಮೇಲ್ಮೈ ಸವೆದು ಆ ಉಬ್ಬಿನ ಮಟ್ಟಕ್ಕೆ ಇಳಿಯಿತೆಂದರೆ ಟೈರಿನ ಆಯುಸ್ಸು ಮುಗಿಯಿತು. ದ್ವಿಚಕ್ರ ವಾಹನಕ್ಕೆ ನಿಯಮ ಕೇಳುವ ಕನಿಷ್ಠ ಗೀರಿನ ಆಳ 0.8 ಮಿ.ಮೀ. ಈ ಗೀರುಗಳು ಅಲಂಕಾರಕ್ಕೆ ಇರುವುದಲ್ಲ. ಮಳೆಯಲ್ಲಿ ರಸ್ತೆಯ ಮೇಲಿನ ನೀರು ಇದೇ ಕಾಲುವೆಗಳಲ್ಲಿ ಹರಿದು ಹೊರಹೋಗಬೇಕು. ಕಾಲುವೆ ಮುಚ್ಚಿದರೆ ರಬ್ಬರಿಗೂ ರಸ್ತೆಗೂ ನಡುವೆ ನೀರಿನ ತೆಳುಪದರ ನಿಲ್ಲುತ್ತದೆ. ಆಗ ಬೈಕು ಜಾರುತ್ತದೆ.

ಟೈರಿನ ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿಗಳಿರುತ್ತವೆ. ಅದು ಟೈರಿನ ಜಾತಕ! ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ. ಈ ಬೈಕಿನ ಮುಂದಿನ ಟೈರಿನಲ್ಲಿ 1216 ಎಂದಿತ್ತು. ಎಂದರೆ 2016ರ 12ನೇ ವಾರ. ಗೀರು ಇನ್ನೂ ಇದ್ದರೂ ರಬ್ಬರು ಒಣಗಿ ಪಕ್ಕದಲ್ಲಿ ಕೂದಲಿನಂಥ ಬಿರುಕುಗಳು. ಹಿಂದಿನ ಟೈರಂತೂ ನಡುವೆ ನುಣ್ಣಗೆ ಬೋಳು.

ನಂತರ ಬ್ರೇಕು. ಮುಂದಿನ ಬ್ರೇಕು ಹಿಡಿದು ಬೈಕನ್ನು ತಳ್ಳಿದರೆ ಅದು ಅಲ್ಲಾಡಬಾರದು, ಬಿಟ್ಟೊಡನೆ ಚಕ್ರ ಸಲೀಸಾಗಿ ತಿರುಗಬೇಕು. ಹಿಂದಿನ ಬ್ರೇಕಿನ ಪೆಡಲು ಸಾಮಾನ್ಯವಾಗಿ 2ರಿಂದ 3 ಸೆಂ.ಮೀ. ಒತ್ತಿದ ಮೇಲೆ ಹಿಡಿಯಲು ಶುರುಮಾಡಬೇಕು. ಡ್ರಮ್ ಬ್ರೇಕಿನ ಹೊರಗೆ ಒಂದು ಪುಟ್ಟ ಬಾಣವಿರುತ್ತದೆ. ಬ್ರೇಕು ಪೂರ್ತಿ ಒತ್ತಿದಾಗ ಆ ಬಾಣ ಡ್ರಮ್ಮಿನ ಮೇಲಿನ ಗುರುತನ್ನು ಮುಟ್ಟಿದರೆ ಒಳಗಿನ ಶೂ ಸವೆದಿದೆ ಎಂದು ಅರ್ಥ. ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನು ಬಾಯಿಂದ ಉಫ್ ಎಂದು ಊದುವ ಅಭ್ಯಾಸ ಹಲವರಿಗಿದೆ. ಅದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಒದ್ದೆ ಬಟ್ಟೆಯಿಂದ ಒರೆಸಬೇಕು.

ಇಲ್ಲಿ ಪಿಯುಸಿ ಭೌತಶಾಸ್ತ್ರ ಓದಿದವರಿಗೆ ಒಂದು ಲೆಕ್ಕ. ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರ್. ದನವೊಂದು ಅಡ್ಡ ಬಂದದ್ದು ಕಂಡು ಕಾಲು ಬ್ರೇಕಿನ ಮೇಲೆ ಬೀಳುವುದಕ್ಕೆ 1 ಸೆಕೆಂಡು ಹಿಡಿದರೆ ಅಷ್ಟರಲ್ಲೇ 10 ಮೀಟರ್ ದಾಟಿಯಾಯಿತು. ಟೈರು, ಬ್ರೇಕು ಚೆನ್ನಾಗಿದ್ದು ಪ್ರತಿ ಸೆಕೆಂಡಿಗೆ 5 ಮೀಟರಿನಂತೆ ವೇಗ ಇಳಿಯಿತೆಂದು ಇಟ್ಟುಕೊಂಡರೆ ನಿಲ್ಲಲು ಇನ್ನೂ 10 ಮೀಟರ್ ಬೇಕು. ಸವೆದ ಟೈರು, ಒದ್ದೆ ರಸ್ತೆಯಿಂದಾಗಿ ಆ ಹಿಡಿತ ಅರ್ಧಕ್ಕೆ ಇಳಿದರೆ 20 ಮೀಟರ್ ಬೇಕು. ಒಟ್ಟು 20 ಮೀಟರಿನಲ್ಲಿ ನಿಲ್ಲಬೇಕಾದ ಬೈಕು 30 ಮೀಟರಿಗೆ ನಿಲ್ಲುತ್ತದೆ. ದನ ಇರುವುದು 25 ಮೀಟರಿನಲ್ಲಾದರೆ? ವೇಗ 54 ಕಿ.ಮೀ.ಗೆ ಏರಿದರೆ ಬ್ರೇಕು ಹಿಡಿದ ಮೇಲಿನ ದೂರ ಎರಡೂಕಾಲು ಪಟ್ಟು ಆಗುತ್ತದೆ. ವೇಗದ ವರ್ಗಕ್ಕೆ ತಕ್ಕಂತೆ ದೂರ ಬೆಳೆಯುತ್ತದೆಂದು ಪರೀಕ್ಷೆಯಲ್ಲಿ ಬರೆದ ಉತ್ತರ ಇಲ್ಲಿ ಎದುರಿಗೇ ನಿಲ್ಲುತ್ತದೆ.

ಬ್ರೇಕಾದ ಮೇಲೆ ಚೈನು. ಚೈನ್ ಕವರಿನ ರಬ್ಬರ್ ಬಿರಡೆ ತೆಗೆದು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ ನೋಡಿದಾಗ ಇಂಥ ಬೈಕುಗಳಲ್ಲಿ 2ರಿಂದ 3 ಸೆಂ.ಮೀ. ಸಡಿಲ ಸರಿ. ಚಕ್ರ ತಿರುಗಿಸಿ ನಾಲ್ಕಾರು ಕಡೆ ಅಳೆಯಬೇಕು. ಒಂದೆಡೆ ಬಿಗಿ, ಇನ್ನೊಂದೆಡೆ ಸಡಿಲವಾದರೆ ಚೈನು ಸವೆದಿದೆ. ಎಂಜಿನ್ ಓಡುತ್ತಿರುವಾಗ ಮಾತ್ರ ಚೈನಿನ ಹತ್ತಿರ ಕೈ, ಬಟ್ಟೆ ಹೋಗಲೇಬಾರದು. ಬಟ್ಟೆಯ ಜೊತೆ ಬೆರಳೂ ಹಲ್ಲುಗಾಲಿಗೆ ಸಿಕ್ಕುವುದು ಕಣ್ಣುಮುಚ್ಚಿ ತೆರೆಯುವಷ್ಟರ ಕೆಲಸ.

ಕಡ್ಡಿಗಳನ್ನು ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟಬೇಕು. ಬಿಗಿಯಾದದ್ದು 'ಟಿಣ್' ಎನ್ನುತ್ತದೆ, ಸಡಿಲಾದದ್ದು 'ಟಪ್' ಎನ್ನುತ್ತದೆ. ಮುಂದಿನ ಚಕ್ರ ನೆಲ ಬಿಟ್ಟಿರುವಾಗ ಫೋರ್ಕಿನ ತುದಿ ಹಿಡಿದು ಹಿಂದೆ ಮುಂದೆ ಅಲುಗಿಸಿದರೆ 'ಟಕ್' ಎಂಬ ಸದ್ದು ಬರಬಾರದು. ಬಂದರೆ ಹ್ಯಾಂಡಲಿನ ಬೇರಿಂಗು ಸಡಿಲ.

ಎರವಲು ಟೈರಿನ ಸಲಹೆ

ಈ ಪಟ್ಟಿ ಹಿಡಿದು ಮೆಕ್ಯಾನಿಕ್ ಹತ್ತಿರ ಹೋದಾಗ ಒಂದು ಸಲಹೆ ಬಂತು. "ಹೊಸ ಟೈರು ಯಾಕೆ ಸಾರ್? ನನ್ನ ಹತ್ರ ಒಂದು ಜೊತೆ ಇದೆ. ಎರಡು ದಿನಕ್ಕೆ ಹಾಕ್ಕೊಂಡು ಹೋಗಿ ತೋರಿಸಿ. ಆಮೇಲೆ ಬಿಚ್ಚಿ ಕೊಡಿ."

ಸಲಹೆ ಹೊಸದೇನಲ್ಲ. ಕನ್ನಡಿ, ಇಂಡಿಕೇಟರು, ಸೈಲೆನ್ಸರು ಎಲ್ಲವೂ ಹೀಗೆ ಒಂದು ದಿನದ ಮಟ್ಟಿಗೆ ಬೈಕಿನಿಂದ ಬೈಕಿಗೆ ಊರೆಲ್ಲ ತಿರುಗುವುದುಂಟು. ಅಪ್ಪನಿಗೂ ಒಂದು ಗಳಿಗೆ ಹೌದೆನ್ನಿಸಿತು. ಕಾಲೇಜಿನ ಫೀಸು ಕಟ್ಟಿದ್ದು ಈಗಷ್ಟೇ, ವಿಮೆ ಬೇರೆ ಕಟ್ಟಬೇಕು. ಈ ಮಧ್ಯೆ ಎರಡು ಟೈರು, ಎರಡು ಟ್ಯೂಬು! ಮನೆಗೆ ಬಂದು ಹೇಳಿದಾಗ ಅಮ್ಮ ಅಕ್ಕಿ ಆರಿಸುತ್ತಲೇ ಅಂದಳು: "ಸಾಹೇಬರು ನೋಡೋದು ಒಂದು ದಿನ. ಇವನು ಓಡ್ಸೋದು ದಿನಾ."

ಅಲ್ಲಿಗೆ ಮಾತು ಮುಗಿಯಿತು. ಟ್ಯಾಂಕಿಗೆ ಬಣ್ಣ, ಹೊಸ ಸೀಟ್ ಕವರು ಎಂದು ಮಗ ಬರೆದುಕೊಂಡಿದ್ದ ಎರಡು ಸಾಲುಗಳಿಗೆ ಅವನೇ ಗೀಟು ಎಳೆದ. ಟೈರು ಬಂತು.

ಗೈಡ್ ಓದಿ ಪಾಸಾದ ಪಾಠ ಪರೀಕ್ಷೆಯ ಮಾರನೆಯ ದಿನ ಮರೆತರೆ ಹೋಗುವುದು ಅಂಕ ಮಾತ್ರ. ಎರವಲು ಟೈರಿನಲ್ಲಿ ಪಾಸಾದ ಬೈಕು ಮಾರನೆಯ ದಿನ ಅದೇ ಬೋಳು ಟೈರಿನಲ್ಲಿ ಘಾಟಿ ಇಳಿಯಬೇಕು. ನಿರೀಕ್ಷಕರ ಪಟ್ಟಿಯಲ್ಲಿರುವ ಒಂದೊಂದು ಅಂಶದ ಹಿಂದೆಯೂ ಎಲ್ಲೋ ಯಾರೋ ಬಿದ್ದ ಕಾರಣವಿದೆ.

ಮೂರನೇ ಭಾನುವಾರ: ಕಾಣುವುದು, ಕಾಣಿಸಿಕೊಳ್ಳುವುದು

ದೀಪಾವಳಿಯ ಹಿಂದಿನ ಭಾನುವಾರ ದೀಪಗಳ ಪಾಳಿ. ಹೆಡ್‌ಲೈಟಿನ ದೂರದ ಬೆಳಕು, ಹತ್ತಿರದ ಬೆಳಕು, ಹಿಂದಿನ ಕೆಂಪು ದೀಪ, ನಂಬರ್ ಪ್ಲೇಟಿನ ಮೇಲೆ ಬೀಳುವ ಬೆಳಕು ಎಲ್ಲವೂ ಹತ್ತಬೇಕು. ಆ ಕಾಲದ ಅನೇಕ ಬೈಕುಗಳಲ್ಲಿ ಎಂಜಿನ್ ಓಡುತ್ತಿದ್ದರೆ ಮಾತ್ರ ಹೆಡ್‌ಲೈಟು ಉರಿಯುತ್ತದೆ. ಬರೇ ಕೀಲಿ ತಿರುಗಿಸಿ ನೋಡಿ ಬಲ್ಬು ಹೋಯಿತೆಂದು ಗಾಬರಿಯಾಗಬೇಕಿಲ್ಲ. ಬ್ರೇಕು ದೀಪವನ್ನು ಕೈ ಬ್ರೇಕಿನಲ್ಲೊಮ್ಮೆ, ಕಾಲು ಬ್ರೇಕಿನಲ್ಲೊಮ್ಮೆ ಬೇರೆ ಬೇರೆಯಾಗಿ ನೋಡಬೇಕು. ಒಬ್ಬರು ಒತ್ತಿ ಇನ್ನೊಬ್ಬರು ಹಿಂದೆ ನಿಂತು ಹೇಳಿದರೆ ಸುಲಭ. ಇಂಡಿಕೇಟರು ನಿಮಿಷಕ್ಕೆ 60ರಿಂದ 120 ಬಾರಿ ಮಿನುಗಬೇಕು. ಗಡಿಯಾರ ಹಿಡಿದು ಎಣಿಸುವ ಕೆಲಸ ಮನೆಯ ಚಿಕ್ಕವರಿಗೆ ಕೊಟ್ಟರೆ ಅವರಿಗೂ ಖುಷಿ.

ಹಾರನ್ನು ಒಂದೇ ಸ್ವರದ್ದಿರಬೇಕು. ರಾಗ ಎಳೆಯುವ ಹಾರನ್ನಿಗೆ ಕಾನೂನಿನ ಒಪ್ಪಿಗೆಯಿಲ್ಲ. 'ಡಬಡಬ' ಸದ್ದಿಗಾಗಿ ಒಳಗಿನ ಜಾಲರಿ ಕಿತ್ತ ಸೈಲೆನ್ಸರಿಗೂ ಇಲ್ಲ. ಕನ್ನಡಿಗಳು ಗಟ್ಟಿಯಾಗಿ ನಿಂತು ಹಿಂದಿನ ರಸ್ತೆ ತೋರಿಸಬೇಕು, ಸವಾರನ ಕ್ರಾಪನ್ನಲ್ಲ. ಬಣ್ಣ ಆರ್.ಸಿ.ಯಲ್ಲಿ ಬರೆದಂತೆಯೇ ಇರಬೇಕು.

ಈ ಬೈಕಿನಲ್ಲಿ ಒಂದು ವಸ್ತು ಕಾಣೆಯಾಗಿತ್ತು. ಸೀರೆ ಗಾರ್ಡು! ಸ್ಟೈಲಿಗೆ ಅಡ್ಡವೆಂದು ಮಗ ಹೋದ ವರ್ಷ ಬಿಚ್ಚಿ ಅಟ್ಟಕ್ಕೆಸೆದಿದ್ದ. ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಮೆಟ್ಟಿಲು, ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮುಚ್ಚುವ ರಕ್ಷಣೆ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಒಂದು ಪಕ್ಕಕ್ಕೆ ಕೂತ ಹೆಂಗಸಿನ ಸೆರಗು ಕಡ್ಡಿಗೆ ಸುತ್ತಿಕೊಂಡರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಗಾರ್ಡು ಅಟ್ಟದಿಂದ ಇಳಿಯಿತು. ಅದನ್ನು ಕೂರಿಸುವಾಗ ಅಮ್ಮ ಪಕ್ಕದಲ್ಲೇ ನಿಂತು ಬೋಲ್ಟುಗಳನ್ನು ಎಣಿಸಿದಳು.

ನಾಲ್ಕನೇ ಭಾನುವಾರ: ಹೊಗೆಯ ಕತೆ

ಪೆಟ್ರೋಲು ಸಾಕಷ್ಟು ಗಾಳಿಯೊಡನೆ ಪೂರ್ತಿ ಉರಿದರೆ ಹೊರಬರುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡು ಮತ್ತು ನೀರಾವಿ. ಗಾಳಿ ಸಾಲದೆ ಅರೆಬರೆ ಉರಿದರೆ ಇಂಗಾಲದ ಮೊನಾಕ್ಸೈಡು ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಉಸಿರಾಡಿದರೆ ಪ್ರಾಣಕ್ಕೇ ಸಂಚಕಾರ. ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ ಬೈಕಿನ ಎಂಜಿನ್ ಓಡಿಸಬಾರದೆನ್ನುವುದು ಇದಕ್ಕೇ.

2000ದ ಮಾರ್ಚ್ 31ರ ನಂತರ ತಯಾರಾದ, ಬಿಎಸ್-4ಕ್ಕಿಂತ ಹಿಂದಿನ ನಾಲ್ಕು ಸ್ಟ್ರೋಕಿನ ಬೈಕಿಗೆ, ಎಂಜಿನ್ ನಿಂತಲ್ಲೇ ಓಡುವಾಗ, ಈ ಅನಿಲ ಶೇ. 3.5 ಮೀರುವಂತಿಲ್ಲ. ಉರಿಯದೆ ಹೊರಬಿದ್ದ ಇಂಧನದ ಅಂಶ ಹತ್ತು ಲಕ್ಷಕ್ಕೆ 4500 ಭಾಗ ದಾಟುವಂತಿಲ್ಲ. ಈ ವಯಸ್ಸಿನ ಬೈಕಿಗೆ ಹೊಗೆ ಪತ್ರದ ಅವಧಿ 6 ತಿಂಗಳು.

ಅಂಕಿ ಮೇಲೇರಿದರೆ ಮೊದಲು ನೋಡಬೇಕಾದದ್ದು ಏರ್ ಫಿಲ್ಟರು. ಕೆಮ್ಮಣ್ಣಿನ ಧೂಳು ತುಂಬಿದ ಫಿಲ್ಟರಿನ ಮೂಲಕ ಎಂಜಿನ್ ಉಸಿರಾಡುವುದೆಂದರೆ ಮೂಗು ಕಟ್ಟಿ ಓಟದ ಸ್ಪರ್ಧೆಗೆ ನಿಂತಂತೆ. ಆಮೇಲೆ ಸ್ಪಾರ್ಕ್ ಪ್ಲಗ್ಗು, ಕೊನೆಗೆ ಕಾರ್ಬುರೇಟರಿನ ಹೊಂದಾಣಿಕೆ. ಸೈಲೆನ್ಸರಿನಲ್ಲಿ ಕಪ್ಪು ಹೊಗೆ ಬಂದರೆ ಪೆಟ್ರೋಲು ಹೆಚ್ಚು, ನೀಲಿಛಾಯೆಯ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದು ತಿಳಿಯಬಹುದು. ತಪಾಸಣೆಗೆ ತಣ್ಣಗಿನ ಎಂಜಿನ್ ಒಯ್ಯಬಾರದು. ಹದಿನೈದು ನಿಮಿಷ ಓಡಿಸಿ ಬಿಸಿಯಾದ ಮೇಲೆ ಕೊಳವೆ ಹಾಕಿಸಿದರೆ ನಿಜವಾದ ಅಂಕಿ ಸಿಗುತ್ತದೆ. ಹೊಗೆ ಪರೀಕ್ಷೆ ನಾಲ್ಕನೇ ವಾರಕ್ಕೆ ಬಂದದ್ದೂ ಲೆಕ್ಕಾಚಾರದಿಂದಲೇ. ರಿಪೇರಿಗೆ ಮೊದಲು ಪತ್ರ ಪಡೆದು ಪ್ರಯೋಜನವಿಲ್ಲ.

ತಪಾಸಣೆಯ ಬೆಳಿಗ್ಗೆ

ನವೆಂಬರಿನ ಮೊದಲ ವಾರ, ಕಚೇರಿ ಕೊಟ್ಟ ದಿನ, ಅಪ್ಪನೇ ಬೈಕು ಓಡಿಸಿದ. ಮಗ ಹಿಂದೆ ಕೂತ. ಇಬ್ಬರ ತಲೆಯ ಮೇಲೂ ಹೆಲ್ಮೆಟ್ಟು. ಮಗನ ಬಳಿ ಕಲಿಕಾ ಪರವಾನಗಿ ಇತ್ತು, ಚಾಲನಾ ಪರೀಕ್ಷೆ ಇನ್ನೂ ಬಾಕಿ. ಗೇರ್ ಇರುವ ಬೈಕಿಗೆ ಲೈಸೆನ್ಸು 18 ತುಂಬಿದ ಮೇಲೆಯೇ. ಅದಕ್ಕೆ ಮೊದಲು ಮಕ್ಕಳ ಕೈಗೆ ಕೀಲಿ ಕೊಟ್ಟ ಪೋಷಕರಿಗೆ 2019ರ ತಿದ್ದುಪಡಿಯ ಪ್ರಕಾರ ರೂ. 25,000 ದಂಡ ಮತ್ತು 3 ವರ್ಷದವರೆಗೆ ಸೆರೆಮನೆ. ವಾಹನದ ನೋಂದಣಿಯೂ 12 ತಿಂಗಳು ರದ್ದಾಗುತ್ತದೆ. ಮನೆಯಲ್ಲಿ ಹೈಸ್ಕೂಲಿನ ಮಗುವಿರುವವರು ಇದನ್ನು ಮರೆಯಬಾರದು.

ನಿರೀಕ್ಷಕರು ಚಾಸಿಸ್ ಸಂಖ್ಯೆ ಓದಿದರು. ಟೈರು ಮುಟ್ಟಿದರು. ದೀಪ, ಹಾರನ್ನು, ಬ್ರೇಕು ನೋಡಿದರು. ಎಂಜಿನ್ನಿನ ಸದ್ದಿಗೆ ಒಂದು ಕ್ಷಣ ಕಿವಿಗೊಟ್ಟರು. ದೋಷ ಕಂಡರೆ ಸರಿಪಡಿಸಿ ಮತ್ತೆ ತನ್ನಿ ಎನ್ನುತ್ತಿದ್ದರು. ಈ ಬೈಕಿಗೆ ಹಾಗೆ ಹೇಳಬೇಕಾಗಲಿಲ್ಲ. ನಾಲ್ಕು ಭಾನುವಾರದ ದುಡಿಮೆಗೆ ಸಿಕ್ಕ ಪರೀಕ್ಷೆ ಕೆಲವೇ ನಿಮಿಷದ್ದು. ಮಗನಿಗೆ ಸ್ವಲ್ಪ ನಿರಾಸೆಯೇ ಆಯಿತು. ಸೀರೆ ಗಾರ್ಡಿನ ಬೋಲ್ಟನ್ನು ಯಾರೂ ಎಣಿಸಲಿಲ್ಲ!

ಹೊಸ ತಾರೀಖು 2030ರ ನವೆಂಬರ್. ಅಷ್ಟರಲ್ಲಿ ಅವನ ಪದವಿ ಮುಗಿದಿರುತ್ತದೆ. ಕೆಲಸ ಎಲ್ಲಿ ಸಿಗುತ್ತದೋ, ಬೈಕು ಜೊತೆಗೆ ಹೋಗುತ್ತದೋ ಇಲ್ಲವೋ ಈಗಲೇ ಹೇಳಲಾಗದು. ಅಲ್ಲಿಯವರೆಗೆ ದಿನಕ್ಕೆ 36 ಕಿ.ಮೀ. ಹೋಗಿ ಬರಬೇಕು, ಮಳೆಯಿರಲಿ ಬಿಸಿಲಿರಲಿ. ಸಂಜೆ ಕತ್ತಲಾದ ಮೇಲೆ ಗೇಟಿನ ಹತ್ತಿರ ಅದರ ಸದ್ದು ಕೇಳುವವರೆಗೆ ಅಮ್ಮನ ಕಿವಿ ರಸ್ತೆಯ ಕಡೆಗೇ.

ಮುಂದಿನ ಭಾನುವಾರ ಯಾವ ತಪಾಸಣೆಯೂ ಇರಲಿಲ್ಲ. ಬೆಳಿಗ್ಗೆ ಕಾಫಿ ಕುಡಿದ ಮಗ ಯಾರೂ ಹೇಳದೆಯೇ ಬೈಕನ್ನು ದೊಡ್ಡ ಸ್ಟ್ಯಾಂಡಿಗೆ ಹಾಕಿ, ಬಿರಡೆ ತೆಗೆದು, ಚೈನಿನ ಸಡಿಲ ನೋಡಿದ.